ಅಪ್ಪ ತೋರಿಸಿದ ಬಾಲಚುಕ್ಕಿ

ನನ್ನ ತಂಗಿ ಶಬೀನಾ ದೇವರ ಹತ್ತಿರ ನೂರು ವರ್ಷ ಆಯುಷ್ಯ ಕೇಳಲಿಲ್ಲ. ಅಕ್ಟೋಬರ್ ತಿಂಗಳೊಂದು ಸಿಕ್ಕರೆ ಸಾಕು ಎಂದಳು. 2024ರ ಬೇಸಿಗೆ ಆಗಷ್ಟೇ ಶುರುವಾಗಿತ್ತು. ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಗಡ್ಡೆ ಬೆನ್ನುಮೂಳೆಗೆ ಇಳಿದಿದೆ, ಮಳೆಗಾಲ ದಾಟಿದರೆ ಪುಣ್ಯ ಎಂದರು. ಪಕ್ಕಕ್ಕೆ ಎಂದರೆ ಎಷ್ಟು ದೂರ? ಪರದೆಯ ಈಚೆಗೆ. ಅವಳ ಬೆನ್ನು ಕೆಟ್ಟಿತ್ತೇ ಹೊರತು ಕಿವಿ ಕೆಟ್ಟಿರಲಿಲ್ಲ. ವಾಪಸು ಸವಣೂರಿಗೆ ಬರುವಾಗ, ಶಿಗ್ಗಾಂವಿ ದಾಟಿದ ಮೇಲೆ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದವಳು ಕಣ್ಣು ತೆರೆದಳು.

"ಅಕ್ಕಾ, ಅಕ್ಟೋಬರದಾಗ ಬಾಲಚುಕ್ಕಿ ಬರ್ತೈತಿ. ಬರೇ ಕಣ್ಣಿಗೆ ಕಾಣುವಷ್ಟ ದೊಡ್ಡದು. ಅದೊಂದು ನೋಡಿ ಹೋಗ್ತೇನಿ."

"ಎಲ್ಲಿಗೆ ಹೋಗ್ತಿ ನೀ?" ಎಂದು ರೇಗಿದೆ. ನನ್ನ ಬಾಯಿ ಹಾಗೆ. ಸವಣೂರು ಪೇಟೆಯಲ್ಲಿ ಖಾರದ ಅಂಗಡಿ ಇಟ್ಟವಳು ನಾನು. ಉಳಿದ ಮಸಾಲೆಯನ್ನೆಲ್ಲ ನಾಲಿಗೆಗೆ ಬಳಿದುಕೊಳ್ಳುತ್ತೇನೆ ಎಂದು ನನ್ನ ಗಂಡ ಅಯಾಜ್ ಬಂದ ನೆಂಟರ ಮುಂದೆಲ್ಲ ಹೇಳುತ್ತಾನೆ. ಶಬೀನಾ ನಕ್ಕಳು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಅವಳು ಶಿಗ್ಗಾಂವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು, ಸಂಜೆ ಮನೆಗೆ ಬಂದರೆ ನೆಲ ನೋಡಿ ನಡೆದವಳಲ್ಲ. ಯಾವ ಚುಕ್ಕಿ ಯಾವ ತಿಂಗಳು ಎಲ್ಲಿ ಮೂಡುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಚೀನಾದವರೋ ಯಾರೋ ಹಿಂದಿನ ವರ್ಷ ಈ ಧೂಮಕೇತುವನ್ನು ಪತ್ತೆ ಮಾಡಿದಾಗಲೇ ಅವಳು ನಮ್ಮ ತಲೆ ತಿಂದಿದ್ದಳು. ಮೊದಲು ಕೆಲವು ದಿನ ನಸುಕಿನಲ್ಲಿ ಪೂರ್ವಕ್ಕೆ ಕಾಣುತ್ತದಂತೆ, ಆಮೇಲೆ ಸೂರ್ಯನನ್ನು ಸುತ್ತುಹಾಕಿ ಸಂಜೆ ಪಶ್ಚಿಮಕ್ಕೆ ಬರುತ್ತದಂತೆ. ಆಗ ಅವಳು ಆರಾಮಾಗಿದ್ದಳು, ನಾವು ಅರ್ಧ ಕಿವಿಯಲ್ಲಿ ಕೇಳಿ ಬಿಟ್ಟಿದ್ದೆವು.

ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಪ್ರಾರ್ಥನೆಗೆ ಉರ್ದು, ಜಗಳಕ್ಕೆ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ.

ಈ ಆಕಾಶದ ಹುಚ್ಚು ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಅಕ್ಬರಸಾಬ ವೀಳ್ಯದೆಲೆ ವ್ಯಾಪಾರಿ. ಇಲ್ಲಿನ ತೋಟಗಳಿಂದ ಎಲೆ ಕೊಂಡು ಹಾನಗಲ್ಲು, ತಿಳವಳ್ಳಿ, ಹಂಸಭಾವಿಯ ಸಂತೆಗಳಿಗೆ ಕಳಿಸುತ್ತಾನೆ. ಆದರೆ ಊರಲ್ಲಿ ಅವನಿಗೆ ಹೆಸರು ಬಂದದ್ದು ಎಲೆಯಿಂದಲ್ಲ, ಕಣ್ಣಿನಿಂದ. ರಮ್ಜಾನಿನ ಕೊನೆಯಲ್ಲಿ ಚಂದ್ರ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ಇನ್ನೊಂದು ದಿನ ಉಪವಾಸ. ಆ ಸಂಜೆ ಮಸೀದಿಯ ಮಾಳಿಗೆಯ ಮೇಲೆ ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಉಗುರು ಕತ್ತರಿಸಿ ಎಸೆದಂತೆ ಇರುವ ಆ ಚಂದ್ರನನ್ನು ನಲವತ್ತು ವರ್ಷ ಎಲ್ಲರಿಗಿಂತ ಮೊದಲು ಕಂಡವನು ನಮ್ಮಪ್ಪ. ಕಂಡೆ ಎಂದರಷ್ಟೇ ಸಾಲದು, ಗವಾಹಿ ಕೊಡಬೇಕು, ಅಂದರೆ ಸಾಕ್ಷಿ. ಎಷ್ಟು ಎತ್ತರಕ್ಕಿತ್ತು, ಕೊಂಬು ಯಾವ ಕಡೆಗಿತ್ತು, ಯಾವ ಮರದ ನೇರಕ್ಕೆ ಎಂದು ಹಿರಿಯರು ಒಂದೊಂದಾಗಿ ಕೇಳುತ್ತಾರೆ. ಅಪ್ಪ ತಡವರಿಸದೆ ಹೇಳುತ್ತಿದ್ದ, ಓಣಿಯಲ್ಲಿ ಪಟಾಕಿ ಹಾರುತ್ತಿದ್ದವು. ಸಣ್ಣವಳಿದ್ದಾಗ ಶಬೀನಾ ಅಪ್ಪನ ಹೆಗಲ ಮೇಲೆ ಕೂತು ಅವನ ಬೆರಳಿನ ತುದಿ ನೋಡುತ್ತಿದ್ದಳು.

ಆ ವರ್ಷ ಏಪ್ರಿಲ್‌ನಲ್ಲಿ ಅಪ್ಪ ಎಂದಿನಂತೆ ಕಂಡಿತು ಎಂದ. ಬೇರೆ ಯಾರಿಗೂ ಕಾಣಲಿಲ್ಲ. ನಮ್ಮ ಸಂಬಂಧದವನೇ ಆದ ನಯೀಮ, "ಮಾಮಾ, ಅದು ಮೋಡದ ಅಂಚು ನೋಡ್ರಿ, ಚಾಂದ್ ಅಲ್ಲ" ಎಂದ. ಹಿರಿಯರು ಮೆತ್ತಗೆ, ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ ಅಕ್ಬರಸಾಬರ, ಈ ಸಲ ಬಿಡ್ರಿ ಎಂದರು. ಸುತ್ತಲ ಯಾವ ಊರಲ್ಲೂ ಚಂದ್ರ ಕಂಡಿರಲಿಲ್ಲ. ಅಪ್ಪ ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದ. ಅದಾದ ಮೇಲೆ ಅವನು ಯಾವ ಮಾಳಿಗೆಯನ್ನೂ ಹತ್ತಲಿಲ್ಲ.

ಅವನ ಕಣ್ಣಿಗೆ ಪೊರೆ ಬಂದಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬ ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಎಲೆಯ ಎಳಸು ಬಲಿತದ್ದನ್ನು ಬೆರಳಲ್ಲೇ ಆರಿಸುವವನಿಗೆ ಕಣ್ಣಿನ ಕೊರತೆ ವ್ಯಾಪಾರದಲ್ಲಿ ತಿಳಿಯಲಿಲ್ಲ. ಆಪರೇಷನ್ ಮಾಡಿಸಿಕೊ ಎಂದು ನಾನು ಗಂಟಲು ಹರಿದುಕೊಂಡೆ. "ಮೊದಲ ಅಕಿ ಎದ್ದು ಓಡಾಡ್ಲಿ. ನಂದೇನು ಗಡಿಬಿಡಿ ಐತಿ" ಎಂದ.

ಅವನನ್ನು ಮತ್ತೆ ಮಾಳಿಗೆ ಹತ್ತಿಸಿದವಳು ಶಬೀನಾ. ಒಂದು ದಿನ ಎಲೆಯ ಬುಟ್ಟಿಯನ್ನು ಅವಳ ಮಂಚದ ಪಕ್ಕ ಇಟ್ಟುಕೊಂಡು ಆರಿಸುತ್ತಾ ಕೂತಿದ್ದ ಅಪ್ಪನಿಗೆ ಅಂದಳು:

"ಅಪ್ಪಾ, ಬಾಲಚುಕ್ಕಿ ನಂಗ ನೀನ ತೋರಸಬೇಕು. ಸಂಜಿಮುಂದ ಪಶ್ಚಿಮಕ್ಕ ಬರ್ತೈತಿ. ಪಶ್ಚಿಮ ನಿನ್ನ ದಿಕ್ಕು."

"ನನ್ನ ಕಣ್ಣು ಯಾರ ನಂಬ್ತಾರವ್ವಾ ಈಗ" ಎಂದ ಅಪ್ಪ.

"ನಾ ನಂಬ್ತೇನಿ."

ಮರುದಿನ ಸಂಜೆ ಅಪ್ಪ ಮಾಳಿಗೆ ಹತ್ತಿ ನಿಂತ. ಚುಕ್ಕಿ ಬರಲು ಇನ್ನೂ ತಿಂಗಳುಗಳಿದ್ದವು. ದಿಕ್ಕು ಮರೆಯಬಾರದಲ್ಲ, ಅದಕ್ಕೆ ಅಂತೆ.

ಮಳೆಗಾಲ ಹೇಗೆ ಕಳೆಯಿತೆಂದು ನನ್ನನ್ನು ಕೇಳಬೇಡಿ. ಅವ್ವ ಹೋಗಿ ಬಹಳ ವರ್ಷವಾಗಿದ್ದರಿಂದ ತಂಗಿಯ ತಲೆ ಬಾಚುವುದು, ಮೈ ಒರೆಸುವುದು ಎಲ್ಲ ನನ್ನದೇ. ಕೂದಲು ಹೋಯಿತು. ಕುತ್ತಿಗೆಗೆ ಪಟ್ಟಾ ಬಂತು, ತಲೆ ಹೊರಳಿಸುವಂತಿಲ್ಲ ಎಂದರು. ಆದರೆ ಅಕ್ಟೋಬರ್ ಎಂಬ ಮಾತು ಬಂದರೆ ಅವಳ ಮುಖ ತಿಳಿಯಾಗುತ್ತಿತ್ತು. ನೋವು ಏರಿದಾಗ ಅಪ್ಪ ಅವಳ ಅಂಗೈ ಹಿಡಿದು, ಬಾಲ ಎಷ್ಟು ಉದ್ದ ಇರ್ತೈತಿ ಹೇಳು, ಯಾತರಿಂದ ಮಾಡ್ಯಾರ ಹೇಳು ಎಂದು ಕೇಳುತ್ತಿದ್ದ. ಅವಳು ಹಲ್ಲು ಕಚ್ಚಿಕೊಂಡು, ಬರ್ಫು, ಧೂಳು, ಸೂರ್ಯನ ಕಾವಿಗೆ ಕರಗತೈತಿ, ಅದ ಬಾಲ ಆಗತೈತಿ ಎಂದು ಹೇಳುತ್ತಾ ಹೋಗುತ್ತಿದ್ದಳು. ಪಕ್ಕದ ಮನೆಯ ನೀಲಾಂಬಿಕಾ ಒಮ್ಮೆ ಬಾಗಿಲಲ್ಲಿ ನಿಂತು, ಬಾಲಚುಕ್ಕಿ ನೋಡಬಾರದಂತ, ಕೇಡಂತ ಎಂದಳು. ಇನ್ನೇನು ಕೇಡು ಬಾಕಿ ಐತಿ, ಒಳಗ ಬಂದು ಚಹಾ ಕುಡಿ ಎಂದೆ. ಅವಳು ಒಳಗೆ ಬಂದು ಶಬೀನಾಳ ಕಾಲು ಒತ್ತುತ್ತಾ ಕೂತಳು.

ಸೆಪ್ಟೆಂಬರ್ ಕೊನೆಗೆ ಚುಕ್ಕಿ ನಸುಕಿನಲ್ಲಿ ಪೂರ್ವಕ್ಕೆ ಬಂದಾಗ ನಾವು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೆವು. ವಾರ್ಡಿನ ಕಿಟಕಿ ಗೋಡೆಗೆ ಮುಖ ಮಾಡಿತ್ತು. "ಇರ್ಲಿ ಬಿಡು, ಸಂಜಿ ಪಾಳಿ ಐತೆಲ್ಲ" ಎಂದಳು. ಮನೆಗೆ ಕರೆದುಕೊಂಡು ಹೋಗಿ, ಇಲ್ಲಿ ಇಟ್ಟುಕೊಂಡು ಮಾಡುವುದೇನಿಲ್ಲ ಎಂದು ಡಾಕ್ಟರು ಹೇಳಿದರು. ನಾವು ಬಂದೆವು. ನಮ್ಮ ಹಿಂದೆಯೇ ಮಳೆಯೂ ಬಂತು. ಸಂಜೆಯಾದರೆ ಪಶ್ಚಿಮದಲ್ಲಿ ಮೋಡ ಗೋಡೆ ಕಟ್ಟುತ್ತಿತ್ತು. ಆ ದಿನಗಳಲ್ಲಿ ನಾನು ಮೋಡಕ್ಕೆ ಬೈದಷ್ಟು ಯಾವ ಗಿರಾಕಿಗೂ ಬೈದಿಲ್ಲ.

ದಸರೆ ಮುಗಿದ ಎರಡನೆಯ ಸಂಜೆ ಪಶ್ಚಿಮ ತೆರೆಯಿತು.

ಅಪ್ಪ ಸೂರ್ಯ ಮುಳುಗಿದ ಮೇಲಿನ ಮಗ್ರಿಬಿನ ನಮಾಜು ಮುಗಿಸಿ ನೇರ ಮಾಳಿಗೆಗೆ ಹೋದವನು ಅಲ್ಲಿಂದಲೇ ನನ್ನ ಹೆಸರು ಹಿಡಿದು ಕೂಗಿದ. "ಫರ್ಹತ, ಕರ್ಕೊಂಡ ಬರ್ರಿ ಅಕಿನ್ನ. ಕಂಡೈತಿ."

ಅಯಾಜ್ ಮತ್ತು ನೀಲಾಂಬಿಕಾಳ ಗಂಡ ಶಂಭುಲಿಂಗ ಇಬ್ಬರೂ ಸೇರಿ ಹಗ್ಗದ ಮಂಚದ ಸಮೇತ ಅವಳನ್ನು ಮೆಟ್ಟಿಲು ಹತ್ತಿಸಿದರು. ಒಂದೊಂದು ಮೆಟ್ಟಿಲಿಗೂ ಅವಳ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಮೇಲೆ ಗಾಳಿ ಇತ್ತು. ಅಪ್ಪ ಮಂಚವನ್ನು ನೀರಿನ ಟಾಕಿಯ ಮರೆಗೆ ಇಡಿಸಿ, ತಲೆದಿಂಬು ಎತ್ತರಿಸಿ, ಅವಳ ಮುಖ ಪಶ್ಚಿಮಕ್ಕೆ ನೇರವಾಗುವಂತೆ ತಾನೇ ಸರಿಪಡಿಸಿದ. ಗಂಡಸರಿಬ್ಬರೂ ಚಹಾಕ್ಕೆ ಕೆಳಗಿಳಿದರು. ಮೇಲೆ ಉಳಿದವರು ನಾವು ಮೂವರೇ.

"ಅಕಾ ಅಲ್ಲಿ," ಎಂದು ಅಪ್ಪ ಕೈ ಚಾಚಿದ. "ತೆಂಗಿನ ಮರದ ಎಡಕ್ಕ. ಬಾಲ ಮ್ಯಾಲಕ್ಕ ಐತಿ. ಎಷ್ಟ ಬೆಳ್ಳಗ ಐತಿ ನೋಡವ್ವಾ."

ಅವನ ಬೆರಳಿನ ನೇರಕ್ಕೆ ನಾನೂ ನೋಡಿದೆ. ಅಲ್ಲಿ ಇದ್ದದ್ದು ಶುಕ್ರ. ದಿನಾ ಸಂಜೆ ಹೊಳೆಯುವ, ಹೊಲದ ಕೆಲಸ ಮುಗಿಸಿ ಬರುವವರೆಲ್ಲ ನೋಡುವ ಬೆಳ್ಳಿ. ಪೊರೆ ಬಂದ ಕಣ್ಣಿಗೆ ಹೊಳೆಯುವುದೆಲ್ಲ ಗೆರೆ ಎಳೆದಂತೆ ಕಾಣುತ್ತದೆ, ದೀಪಕ್ಕೂ ಬಾಲ ಬರುತ್ತದೆ. ಅದನ್ನು ಅಪ್ಪ ಧೂಮಕೇತು ಎಂದು ತಿಳಿದಿದ್ದ.

ನಾನು ಬಾಯಿ ತೆರೆಯುವುದರೊಳಗೆ ನನ್ನ ಕಣ್ಣು ಬಲಕ್ಕೆ ಹೋಯಿತು. ಶುಕ್ರನಿಂದ ಒಂದು ಗೇಣು ಬಲಕ್ಕೆ, ಟಾಕಿಯ ಆಚೆ, ಅದು ಇತ್ತು. ನಿಜವಾದದ್ದು. ಕೆಳಗೆ ಮಂಕಾದ ಒಂದು ಗುಳ್ಳೆ, ಅದರಿಂದ ಮೇಲಕ್ಕೆ ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ಎಳೆದಂತೆ ಉದ್ದದ ಬಿಳುಪು. ನಾನು ನಿಂತಿದ್ದೆ, ನನಗೆ ಕಂಡಿತು. ಶಬೀನಾ ಮಲಗಿದ್ದಳು. ಅವಳಿಗೂ ಅದಕ್ಕೂ ನಡುವೆ ಆ ಕರಿಯ ಟಾಕಿ ಅಡ್ಡವಾಗಿತ್ತು. ಮಂಚವನ್ನು ನಾಲ್ಕು ಹೆಜ್ಜೆ ಈಚೆಗೆ ಎಳೆದರೆ ಸಾಕಿತ್ತು.

ಅಪ್ಪ ಅವಳ ತಲೆಯ ಹತ್ತಿರ ಕೂತು ಅವಳ ಮುಖವನ್ನೇ ನೋಡುತ್ತಿದ್ದ. "ಕಂಡ್ತೇನವ್ವಾ?"

ಅವಳು ಶುಕ್ರನನ್ನು ನೋಡಿದಳು. ಅದು ಶುಕ್ರ ಎಂದು ಅವಳಿಗೆ ಗೊತ್ತಾಗದೇ ಇರುತ್ತದೆಯೇ? ಶಿಗ್ಗಾಂವಿಯ ಮಕ್ಕಳಿಗೆ ಅದನ್ನು ತೋರಿಸಿಯೇ ಪಾಠ ಶುರು ಮಾಡುತ್ತಿದ್ದವಳು ಅವಳು. ಆದರೂ ಸ್ವಲ್ಪ ಹೊತ್ತು ನೋಡಿದಳು.

"ಕಂಡ್ತಪ್ಪಾ."

"ಬಾಲ ಯಾವ ಕಡೆ ಐತಿ, ಹೇಳು ನೋಡೂಣು." ಅಪ್ಪನ ದನಿಯಲ್ಲಿ ಮಸೀದಿಯ ಮಾಳಿಗೆಯ ಹಳೆಯ ಗತ್ತು ಬಂದಿತ್ತು.

"ಮ್ಯಾಲಕ್ಕ. ತುಸು ಎಡಕ್ಕ ವಾಲೈತಿ."

"ಹೌದು," ಎಂದ ಅಪ್ಪ. "ಹೌದು, ಎಡಕ್ಕ ವಾಲೈತಿ." ನಮ್ಮಿಬ್ಬರಿಗೂ ಕಾಣಬಾರದೆಂದು ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ.

ನಾನು ಮಂಚದ ಕಾಲಿಗೆ ಕೈ ಹಾಕಿದೆ. ಎಳೆದೇಬಿಡುತ್ತಿದ್ದೆ. ಅವಳು ಕಂಬಳಿಯ ಒಳಗಿನಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಆ ಕೈಯಲ್ಲಿ ಒಂದು ಲೋಟ ಎತ್ತುವ ಶಕ್ತಿಯೂ ಉಳಿದಿರಲಿಲ್ಲ, ನನ್ನನ್ನು ಮಾತ್ರ ಬಿಡಲಿಲ್ಲ.

"ಬ್ಯಾಡಕ್ಕಾ. ಇಲ್ಲೇ ಛಲೋ ಕಾಣ್ತೈತಿ" ಎಂದಳು.

ನಾನು ಮಂಚದ ಕಾಲು ಬಿಟ್ಟೆ. ಬಲಗಡೆ ಅದು ಹಾಗೇ ತೂಗಿತ್ತು, ಯಾರೂ ನೋಡದೆ. ಸ್ವಲ್ಪ ಹೊತ್ತಿಗೆ ಮೋಡ ಬಂದು ಮೊದಲು ಅದನ್ನು, ಆಮೇಲೆ ಶುಕ್ರನನ್ನು ಮುಚ್ಚಿತು. ಅಯಾಜನನ್ನು ಕೂಗಿ ಕರೆದೆವು.

ಅಪ್ಪ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದ. ಮುಂದಿನ ನಮಾಜಿಗೆ ಮಸೀದಿಗೆ ಹೋಗುವಾಗ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದು ನಮಗೆ ಒಳಗೆ ಕೇಳುತ್ತಿತ್ತು. "ನನ್ನ ಮಗಳಿಗೆ ನಾನ ತೋರಿಸ್ದೆ. ಮೊದಲ ನಾನ ಕಂಡೆ."

ಅವನ ದನಿ ದೂರವಾದ ಮೇಲೆ ಶಬೀನಾ ಕೇಳಿದಳು. "ನಿಂಗ ಕಂಡ್ತೇನಕ್ಕಾ? ಟಾಕಿ ಆಚಿ ಇತ್ತಲ್ಲ?"

"ಅಲ್ಲೇ ಐತಂತ ನಿಂಗ ಗೊತ್ತಿತ್ತೇನು?"

"ಬೆಳ್ಳಿಂದ ಬಲಕ್ಕ ಇರಬೇಕು, ಲೆಕ್ಕ ಗೊತ್ತಿತ್ತು. ಹೆಂಗಿತ್ತು ಹೇಳು."

ನಾನು ಹೇಳಿದೆ. ದಿನವಿಡೀ ಗಿರಾಕಿಗಳ ಜೊತೆ ವಟಗುಟ್ಟುವ ನನಗೆ ಆ ಹೊತ್ತು ನಾಲ್ಕು ಮಾತು ಜೋಡಿಸಲು ಬರಲಿಲ್ಲ. ಬೆಳ್ಳಗಿತ್ತು, ಉದ್ದಕ್ಕಿತ್ತು, ತುದಿ ಎಲ್ಲಿ ಮುಗಿಯಿತೋ ತಿಳಿಯಲಿಲ್ಲ ಎಂದೆ. ಅವಳು ಮತ್ತೆ ಮತ್ತೆ ಕೇಳಿದಳು. ತಲೆ ದುಂಡಗಿತ್ತೋ, ಮೊನಚಾಗಿತ್ತೋ? ಬಾಲ ಅಗಲವಾಗುತ್ತ ಹೋಗಿತ್ತೋ? ಬಣ್ಣ?

"ಅಷ್ಟ ಆಸೆ ಇದ್ದಾಕಿ ಯಾಕ ತಡದಿ ನನ್ನ? ಎಳದ ಬಿಡ್ತಿದ್ದೆ ಮಂಚ" ಎಂದು ನಾನು ಕೊನೆಗೆ ಸಿಟ್ಟಿಗೆದ್ದೆ.

"ಏನಂತ ಎಳೀತಿದ್ದಿ? ನಿನ್ನ ಕಣ್ಣು ಸುಳ್ಳಪ್ಪಾ ಅಂತನಾ? ಒಂದ ಸಲ ಊರ ಮಂದಿ ಅಂದಾರ. ಮನ್ಯಾಗೂ ಅನ್ನೂದೇನು?" ಹಾಗೆಂದವಳೇ ಅತ್ತುಬಿಟ್ಟಳು. "ನಂಗೂ ನೋಡಬೇಕಾಗಿತ್ತಕ್ಕಾ. ಭಾಳ ನೋಡಬೇಕಾಗಿತ್ತು."

ಗಡ್ಡೆ ಎಂದು ಗೊತ್ತಾದ ದಿನದಿಂದ ಅವಳು ಅತ್ತದ್ದು ಅದೊಂದೇ ಸಲ. ಕುತ್ತಿಗೆಯ ಪಟ್ಟಾದೊಳಕ್ಕೆ ನೀರು ಇಳಿಯದಂತೆ ನಾನು ಸೆರಗಿನಿಂದ ಒರೆಸುತ್ತಾ ಇದ್ದೆ.

ಅಪ್ಪ ನಮಾಜಿಗೆ ಹೋದಾಗ ಗುಟ್ಟಾಗಿ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಶಂಭುಲಿಂಗನಿಗೂ ಹೇಳಿಟ್ಟೆ. ಅವನು ದಿನಾ ಸಂಜೆ ತೋಟದಿಂದ ಬೇಗ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ದಿನಾ ಮಳೆ. ಒಂದು ಸಂಜೆ ಮಳೆ ನಿಂತಿತು, ಆದರೆ ಅವಳನ್ನು ಎತ್ತುವ ಸ್ಥಿತಿ ಇರಲಿಲ್ಲ, ಮುಟ್ಟಿದರೆ ಚೀರುತ್ತಿದ್ದಳು. ಆಮೇಲಿನ ದಿನಗಳಲ್ಲಿ ಅವಳಿಗೆ ಸಂಜೆ ಮುಂಜಾನೆಯ ಗುರುತೇ ಹತ್ತಲಿಲ್ಲ. ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ, ಶುಕ್ರವಾರ ನಸುಕಿನಲ್ಲಿ ನನ್ನ ತಂಗಿ ತೀರಿಹೋದಳು.

ಮಣ್ಣು ಕೊಟ್ಟು ಬಂದ ಅಪ್ಪ ಅಳಲಿಲ್ಲ. ಬಂದವರಿಗೆಲ್ಲ, "ಅಕಿದ ಒಂದ ಆಸೆ ಇತ್ತು, ಅದು ತೀರ್ತು. ನೋಡಿ ಹೋದ್ಲು" ಎನ್ನುತ್ತಿದ್ದ. ಜನ ತಲೆ ಆಡಿಸುತ್ತಿದ್ದರು. ನಾನು ಒಳಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ.

ಆಮೇಲೆ ಶುರುವಾಯಿತು ನೋಡಿ. ಮಳೆ ಹೋಗಿ ಆಕಾಶ ನಿಚ್ಚಳವಾದ ಮೇಲೆ ಅಪ್ಪ ದಿನಾ ಸಂಜೆ ಮಾಳಿಗೆ ಹತ್ತತೊಡಗಿದ. ಕೆಳಗೆ ಬಂದು ನನಗೆ ವರದಿ ಒಪ್ಪಿಸುವನು. "ಇನ್ನೂ ಐತಿ ನೋಡವ್ವಾ. ನಿನ್ನೆಕಿಂತ ತುಸು ಮ್ಯಾಲಕ್ಕ ಬಂದೈತಿ." ಧೂಮಕೇತು ಎಂದೋ ಮಸುಕಾಗಿ ಹೋಗಿತ್ತು. ಶುಕ್ರ ಆ ಚಳಿಗಾಲದಲ್ಲಿ ದಿನದಿನಕ್ಕೆ ಹೊಳಪೇರುತ್ತಿತ್ತು. ಅಪ್ಪನ ಮುಖವೂ ಅದರ ಜೊತೆಗೆ ಗೆಲುವಾಗುತ್ತಿತ್ತು. ಅವಳ ಮಂಚವನ್ನು ಎತ್ತಿಡಲು ಬಿಡಲಿಲ್ಲ. ಅವಳ ಪಾಲಿನ ಚಹಾ ಸೋಸಿಸುತ್ತಿದ್ದ. ಶಬೀನಾ ಹೋದಳು ಎಂಬ ಮಾತು ಅವನ ಬಾಯಿಂದ ಬರಲಿಲ್ಲ, "ಅಕಿದ ಚುಕ್ಕಿ ಐತಿ" ಎಂದೇ ಬರುತ್ತಿತ್ತು.

ಜನವರಿಯಲ್ಲಿ ನಯೀಮ ಅಂಗಡಿಗೆ ಬಂದು, "ಅಕ್ಕಾ, ಮಾಮಾ ಇನ್ನೂ ಬಾಲಚುಕ್ಕಿ ಕಾಣ್ತೈತಿ ಅಂತಾರ. ಅದು ಹೋಗಿ ಎಷ್ಟ ದಿನ ಆತು. ನಾ ತಿಳಿಸಿ ಹೇಳ್ಲೇನು?" ಎಂದ. ಹುಡುಗ ಕೆಟ್ಟವನಲ್ಲ. ಆದರೆ ನಾನು ಜರಡಿಯನ್ನು ಬಾಣಲೆಯ ಮೇಲೆ ಇಟ್ಟು, "ನೀ ಒಮ್ಮೆ ತಿಳಿಸಿ ಹೇಳಿದ್ದ ಸಾಕಾಗೈತಿ. ಖಾರ ಎಷ್ಟ ಬೇಕು, ಹೇಳಿ ಹೊಂಡು" ಎಂದೆ. ಅವನು ತಲೆ ತಗ್ಗಿಸಿ ಪೊಟ್ಟಣ ಹಿಡಿದು ಹೋದ.

ನಾನು ಮಾತ್ರ ಒಳಗೊಳಗೆ ಹೆದರಿದ್ದೆ. ಶುಕ್ರ ಎಲ್ಲ ಕಾಲಕ್ಕೂ ಸಂಜೆಯಲ್ಲಿ ಇರುವುದಿಲ್ಲ, ಸೂರ್ಯನ ಬೆಳಕಿನಲ್ಲಿ ಮುಳುಗಿ ಮತ್ತೆ ನಸುಕಿಗೆ ಹೋಗುತ್ತದೆ. ಅದನ್ನು ಶಬೀನಾಳೇ ಎಷ್ಟೋ ಸಲ ಹೇಳಿದ್ದಳು.

ಮಾರ್ಚ್ ತಿಂಗಳಲ್ಲಿ ರಮ್ಜಾನ್ ಬಂತು. ಅದರ ಚಂದ್ರನನ್ನು ನೋಡಲು ಅಪ್ಪ ಮಸೀದಿಯ ಮಾಳಿಗೆಗೆ ಹೋಗಲಿಲ್ಲ, ಅವನಿಗೆ ಅವನದೇ ಆಕಾಶ ಇತ್ತು. ಉಪವಾಸ ಬಿಟ್ಟು, ನಮಾಜು ಮುಗಿಸಿ ಬಂದವನು ಊಟಕ್ಕೂ ಕೂರದೆ ಮೆಟ್ಟಿಲು ಹತ್ತುವನು. ದಿನಾ ಅದು ಕೆಳಗೆ ಕೆಳಗೆ ಇಳಿಯುತ್ತಿತ್ತು. "ತೆಂಗಿನ ಮರದ ಸಂದಿಗೆ ಬಂದೈತಿ" ಎಂದ. ಇನ್ನೊಂದು ದಿನ, "ಶಂಭುಲಿಂಗನ ತಗಡಿನ ಮ್ಯಾಲ ಐತಿ, ಒಂದ ಮಿಣುಕಷ್ಟ" ಎಂದ.

ರಮ್ಜಾನ್ ಅರ್ಧ ದಾಟಿದ ಮೇಲೆ ಒಂದು ಸಂಜೆ ಅವನು ಕೆಳಗೆ ಬರಲು ತಡಮಾಡಿದ. ನಾನು ಬಡಿಸಿಟ್ಟು ಕಾದೆ. ಗಂಜಿ ಆರಿಹೋಯಿತು. ಕೊನೆಗೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದ. ಬಂದವನು ಶಬೀನಾಳ ಮಂಚದ ಮೇಲೆ ಕೂತ. ಇಷ್ಟು ದಿನ ಅದರ ಮೇಲೆ ಯಾರನ್ನೂ ಕೂರಗೊಟ್ಟಿರಲಿಲ್ಲ.

"ಇವತ್ತ ಇಲ್ಲ" ಎಂದ.

"ಮೋಡ ಇದ್ದೀತಪ್ಪಾ."

"ಮೋಡ ಇಲ್ಲ. ಕನ್ನಡಿ ಇದ್ದಂಗ ಐತಿ ಆಕಾಶ. ಅದ ಇಲ್ಲ."

ಅಪ್ಪ ಎರಡೂ ಅಂಗೈಗಳನ್ನು ಮಂಚದ ಹಗ್ಗದ ಮೇಲೆ ಸವರುತ್ತಿದ್ದ, ಎಲೆ ಆರಿಸುವಾಗ ಸವರುವ ಹಾಗೆ.

"ಅಕಿ ಹೋದ್ಲ, ಫರ್ಹತ" ಎಂದ.

ಆಮೇಲೆ ಅತ್ತ. ಅರವತ್ತೆಂಟು ವರ್ಷದ ಗಂಡಸು ಸಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಪಕ್ಕದ ಮನೆಯಲ್ಲಿ ನೀಲಾಂಬಿಕಾ ಟಿವಿ ಬಂದ್ ಮಾಡಿದ್ದು ಕೇಳಿಸಿತು. ನಾನು ಅವನ ಪಕ್ಕ ಕೂತು ಬೆನ್ನಿನ ಮೇಲೆ ಕೈ ಇಟ್ಟೆ.

"ಹೌದಪ್ಪಾ. ಹೋದ್ಲು" ಎಂದೆ. ಅವಳು ಸತ್ತು ಐದು ತಿಂಗಳಾಗುತ್ತ ಬಂದಿತ್ತು. ಅವನ ಮುಂದೆ ನಾನು ಆ ಮಾತು ಹೇಳಿದ್ದು ಅವತ್ತೇ ಮೊದಲು.